ಹಾಸಿನಂತೆ ಬಿಗಿದ ಹೆಗಲು

ಬನಹಟ್ಟಿ
ನವೆಂಬರ್ ೧೪, ೨೦೨೪

ಪ್ರೀತಿಯ ಅನುರಾಧಾ, ಅವ್ವನ ಆಶೀರ್ವಾದ.

ಹೋದ ವಾರವೇ ಬರೆಯಬೇಕಿತ್ತು, ಸಿಟ್ಟಾಗಬೇಡ. ಫೋನಿನಲ್ಲಿ ನನಗೂ ನೀನು 'ಹೂಂ', 'ಊಹೂಂ' ಬಿಟ್ಟು ಏನೂ ಹೇಳುತ್ತಿಲ್ಲ; ಹಾಗಾಗಿ ಕಾಗದವೇ ಗತಿ. ಅನಾಟಮಿ ಪೇಪರಿನಲ್ಲಿ ಫೇಲಾದೆನೆಂದು ಫಿಜಿಯೋಥೆರಪಿಯನ್ನೇ ಬಿಡುತ್ತೇನೆ ಎಂದು ಗೆಳತಿಯರ ಹತ್ತಿರ ಅಂದಿದ್ದೀಯಂತೆ. ಮರುಪರೀಕ್ಷೆಗೆ ಈ ತಿಂಗಳ ಕೊನೆಯೊಳಗೆ ಹೆಸರು ಕೊಡಬೇಕಲ್ಲ? ಅದಕ್ಕೆ ಮೊದಲು ಮನೆಯಲ್ಲಿ ನಡೆದದ್ದನ್ನು ಕೇಳು.

ನಿಮ್ಮಪ್ಪ ಕೊರಳೆಲುಬು, ಅದೇ ಕಾಲರ್ ಬೋನ್, ಮುರಿದುಕೊಂಡಿದ್ದಾರೆ. ಗಾಬರಿಯಾಗಬೇಡ, ಬೈಯುವ ಶಕ್ತಿ ಪೂರ್ತಿ ಉಳಿದಿದೆ. ನೂಲು ಸುತ್ತಿದ ಬೀಮನ್ನು ಮಗ್ಗಕ್ಕೆ ಏರಿಸಲು ಪಕ್ಕದ ಮನೆಯ ಮುರಗೆಪ್ಪನ ಜೊತೆ ತಾವೂ ಹೆಗಲು ಕೊಟ್ಟರು. "ವಯಸ್ಸಾತು, ಆಳನ್ನ ಕರೀಲೇನ್ರಿ?" ಎಂದು ಅವನು ಕೇಳಿದ್ದೇ ತಪ್ಪಾಯಿತು. ಹಟಕ್ಕೆ ಬಿದ್ದು ನಡೆದವರು ಹೊಸ್ತಿಲಲ್ಲಿ ಜಾರಿ ಹೆಗಲ ಮೇಲೇ ಬಿದ್ದರು. ಬಿದ್ದವರ ಮೊದಲ ಮಾತು: "ಬೀಮಿಗೇನರ ಆತೇನ್ಲೇ?"

ಜಮಖಂಡಿಯ ಡಾಕ್ಟರು ಎರಡೂ ಹೆಗಲನ್ನು ಹಿಂದಕ್ಕೆಳೆದು ಹಿಡಿಯುವ, ಎಂಟರ ಅಂಕಿಯಂಥ ಪಟ್ಟಿ ಕಟ್ಟಿದರು. "ಪಟ್ಟಿ ಒಳಗ ಎರಡು ಬಟ್ಟು ಆಡಬೇಕು ನೋಡ್ರಿ" ಎಂದರು. ಆ ಎರಡು ಬೆರಳಿನ ಸಡಿಲವೇ ನಿನ್ನಜ್ಜಿಯ ಕಣ್ಣಿಗೆ ಬಿತ್ತು. ನಮ್ಮತ್ತೆ ಅನಸವ್ವ ಜೀವಮಾನವಿಡೀ ಕೈಮಗ್ಗದಲ್ಲಿ ಕೂತವರಲ್ಲವೆ? "ಹಾಸು ಸಡ್ಲಿದ್ರ ಸೀರಿ ನೆಟ್ಟಗ ಬರತೈತೇನ? ಎಲುಬರ ಹ್ಯಾಂಗ ಕೂಡತೈತಿ?" ನಾನು ಅಡುಗೆಮನೆಯಲ್ಲಿದ್ದಾಗ, ಮಗನ ಬೆನ್ನಿಗೆ ಮೊಣಕಾಲು ಕೊಟ್ಟು, ಮಗ್ಗದ ಹಾಸಿನ ಎಳೆಗಳನ್ನು ಬಿಗಿದಂತೆ ಬಿಗಿದೇಬಿಟ್ಟರು. ಬಂದು ನೋಡಿದರೆ, ಹೆಗಲಹಲಗೆಗಳೆರಡೂ ಬೆನ್ನ ನಡುವೆ ಗುಟ್ಟು ಹೇಳಿಕೊಳ್ಳುವಷ್ಟು ಹತ್ತಿರ ಬಂದಿದ್ದವು. "ಪೈಲ್ವಾನ ಆದಂಗ ಅನಸ್ತೈತಿ" ಎಂದರು ಅಪ್ಪ.

ಸಂಜೆಗೆ ಪೈಲ್ವಾನರ ಬೆರಳುಗಳು ಜೋಮು ಹಿಡಿದು ನೀಲಿಯಾದವು. "ಯವ್ವಾ, ಲಕ್ವಾ ಹೊಡೀತು!" ಇನ್ನು ಉಳಿಯುವುದಿಲ್ಲವೆಂದು ಅಪ್ಪ ಮಗ್ಗದ ಶೆಡ್ಡಿನ ಕೀಲಿಯನ್ನು ಮುರಗೆಪ್ಪನಿಗೆ ಕೊಡಿಸಿ, ನಡುಗೋಡೆಯ ಹಳೇ ಜಗಳವನ್ನೂ ನೆನೆದು, "ಗ್ವಾಡಿ ಜಗಳ ಮಾಫ್ ಮಾಡೇನಿ" ಎಂದರು.

"ನಾ ಇನ್ನೂ ಮಾಡಿಲ್ಲಲ್ರಿ" ಎಂದ ಅವನು.

ಅಜ್ಜಿ ಮನೆದೇವರಿಗೆ ಹರಕೆ ಹೊರುತ್ತಿದ್ದಾಗ ನನಗೆ ಬೇಸಿಗೆ ರಜೆ ನೆನಪಾಯಿತು. ಅಪ್ಪನ ಬರಿಬೆನ್ನ ಮೇಲೆ ನೀನು ಸೀಮೆಸುಣ್ಣದಿಂದ ಎರಡು ತ್ರಿಕೋನ ಬರೆದು, ಕೈ ಎತ್ತಿಸಿ ತೋರಿಸಿದ್ದೆ: "ನೋಡ ಅವ್ವಾ, ಈ ಹಲಗಿ ಪಕ್ಕೆಲುಬಿನ ಮ್ಯಾಲ ಜಾರಾಡತೈತಿ. ಇದನ್ನ ಎದಿಗೆ ಕಟ್ಟಿ ಹಿಡಿಯೂ ಎಲುಬು ಅಂದ್ರ ಕೊರಳೆಲುಬು ಒಂದ. ಅದರ ಕೆಳಗ, ಕಂಕಳದಾಗ ಹಾದು, ಕೈಗೆ ಹೋಗೂ ನರ, ರಕ್ತನಾಳ ಎಲ್ಲಾ ನೂಲಿನ ಲಡಿಹಂಗ ಹೊಂಟಾವ." ಅಪ್ಪ ಕಚಗುಳಿಯೆಂದು ಒದ್ದಾಡುತ್ತಿದ್ದರು.

ಲಕ್ವಾ ಅಲ್ಲ, ಅಜ್ಜಿ ಕಂಕುಳಲ್ಲಿ ಆ ನರ, ರಕ್ತನಾಳಗಳ ಲಡಿಯನ್ನೇ ಬಿಗಿದಿದ್ದರು! ಪಟ್ಟಿ ಸಡಿಲಿಸಿ ಡಾಕ್ಟರಿಗೆ ಫೋನು ಮಾಡಿದೆ. "ಛಲೋ ಮಾಡಿದ್ರಿ, ಈಗ ಕರಕೊಂಡ ಬರ್ರಿ" ಎಂದರು. ಜಮಖಂಡಿ ಮುಟ್ಟುವುದರೊಳಗೆ ಬೆರಳು ಕೆಂಪಾಗಿದ್ದವು, ಜೊತೆಗೆ ಬಂದಿದ್ದ ಮುರಗೆಪ್ಪನಿಂದ ಕೀಲಿ ವಾಪಸಾಗಿತ್ತು.

"ಮತ್ತ ಮಾಫಿ?"

"ಅದೂ ವಾಪಸ್ಲೇ."

ಪಟ್ಟಿ ಸಡಿಲಿಸಲು ಯಾರು ಹೇಳಿದರೆಂದು ಡಾಕ್ಟರು ನನ್ನನ್ನು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಅಪ್ಪ, "ನನ್ನ ಮಗಳ್ರಿ. ಇದನ್ನ ಓದಾಕತ್ತಾಳ" ಎಂದರು.

ನಾನು ಇಷ್ಟು ವರ್ಷ ಓದಿದ ಕವಿತೆಗಳಲ್ಲಿ ಹೆಗಲೆಂದರೆ ತಲೆಯಿಡುವ ಜಾಗ, ಅಷ್ಟೇ. ಅದರ ಕೆಳಗೆ ಇಷ್ಟೊಂದು ಸಂಚಾರವಿದೆಯೆಂದು ತಿಳಿಸಿದವಳು ನೀನು. ಪರೀಕ್ಷೆಗೆ ಹೆಸರು ಕೊಡು ಮಗಳೇ. ಹೊಟ್ಟೆ ತುಂಬ ಉಣ್ಣು. ನಿನ್ನ ಕೈಗುಣ ಹೆಚ್ಚಲಿ.

ನಿನ್ನ ಅವ್ವ,
ಶ್ರೀದೇವಿ

ತಾ.ಕ.: ರಿಸಲ್ಟಿನ ದಿನ "ಕಾಲೇಜ ಸಾಕು, ಬಂದು ಮಗ್ಗಕ್ಕ ಕೂಡು" ಎಂದಿದ್ದಕ್ಕೆ ಅಪ್ಪನ ನಂಬರನ್ನು ನೀನು ಬ್ಲಾಕ್ ಮಾಡಿದ್ದೀಯ. ಅವರು ದಿನಾ ಸಂಜೆ ನೋವಿಲ್ಲದ ಕೈಯಿಂದ ನಿನಗೆ ಫೋನು ಹಚ್ಚುತ್ತಾರೆ. "ಟವರ್ ಇಲ್ಲ" ಎಂದು ಇಡುತ್ತಾರೆ. ನಿನ್ನೆ ಮುರಗೆಪ್ಪ, "ನನ್ನ ಫೋನಿಗೆ ಟವರ್ ಫುಲ್ ಐತಲ್ರಿ, ಇದರಿಂದ ಹಚ್ರಿ" ಎಂದು ತನ್ನ ಫೋನು ಚಾಚಿದ. ಅಪ್ಪ ಅದನ್ನು ಕೈಗೆ ತೆಗೆದುಕೊಂಡರು. ನಂಬರು ಒತ್ತಲಿಲ್ಲ. "ಬ್ಯಾಡ ಬಿಡು. ಟವರ್ ಬಂದಾಗ ಆಕಿನ ಮಾಡ್ತಾಳ" ಎಂದು ಮರಳಿ ಕೊಟ್ಟರು.