ಬೇಲೂರಿನ ಸೀರೆ ಅಂಗಡಿಯಲ್ಲಿ ಅಮ್ಮ

ಅಮ್ಮ,

ನಿನ್ನ ಅಡ್ರೆಸ್ ನನ್ನ ಹತ್ತಿರ ಇಲ್ಲ, ಆದರೂ ಬರೆಯುತ್ತಿದ್ದೇನೆ. ಇವತ್ತು ಅರಸೀಕೆರೆಯಿಂದ ಹಾಸ್ಟೆಲ್ ಗೆಳತಿ ಆಶ್ರಿತಾ ಜೊತೆ ಬೇಲೂರಿಗೆ ಹೋಗಿದ್ದೆ. ಅಲ್ಲೊಂದು ಸೀರೆ ಅಂಗಡಿಯಲ್ಲಿ ನೀನು!

ನೀನು ತಾಯಿಯ ಪಾತ್ರ ಮಾಡುತ್ತಿದ್ದ ಸೀರಿಯಲ್ ನಿಂತಮೇಲೆ ನಿನಗೆ ಸಿನಿಮಾ ಸಿಕ್ಕಿರಬೇಕು, ಬಿಝಿ ಇರಬೇಕು, ಅದಕ್ಕೇ ಫೋನ್ ಇಲ್ಲ ಅಂದುಕೊಂಡಿದ್ದೆ. ನೀನು ನೋಡಿದರೆ ಸೀರಿಯಲ್ಲಿನ ಅದೇ ದೊಡ್ಡ ಕುಂಕುಮ ಇಟ್ಟುಕೊಂಡು, ಫೇಸ್‌ಬುಕ್ ಲೈವ್‌ನಲ್ಲಿ ಸೀರೆ ಮಾರಲು ಮೊಬೈಲ್ ಮುಂದೆ ನಿಂತಿದ್ದೆ. ನಾನು ಜನರ ಹಿಂದೆ ಸರಿದುಕೊಂಡೆ.

ಲೈವ್ ಇನ್ನೂ ಶುರುವಾಗಿರಲಿಲ್ಲ. ಅಜ್ಜಿಯೊಬ್ಬರು ಬಂದು ನಿನ್ನ ಕೈ ಹಿಡಿದುಕೊಂಡರು.

"ಗೆಂಡೆಹಳ್ಳಿಯಿಂದ ನಿನ್ನ ನೋಡಕ್ಕೇ ಬಂದೆ ಕಣವ್ವ. ಮಗೀನ ಬುಟ್ಟೋದೆ, ಅಷ್ಟರಲ್ಲಿ ಸೀರಿಯಲ್ಲೇ ನಿಂತೋಯ್ತು. ಆಮ್ಯಾಕೆ ಅದು ಸಿಕ್ತಾ?"

ನೀನು ನಗಲಿಲ್ಲ. "ಹಾಸ್ಟೆಲ್‌ನಲ್ಲಿದಾಳೆ ಅಜ್ಜಿ. ಈಗ ಕಾಲೇಜು. ಯಾವ ಮುಖ ಇಟ್ಕೊಂಡು ಹೋಗಿ ನೋಡ್ಲಿ?"

"ಹಾಸ್ಟ್ಲಾ? ಅದ್ಯಾವತ್ತು ತೋರ್ಸಿದ್ರು? ನಾನು ಒಂದಿನಾನೂ ತಪ್ಪಿಸ್ಲಿಲ್ವಲ್ಲ!"

ಸೀರಿಯಲ್ಲಿನ ಮಗು ಇನ್ನೂ ಎಲ್‌ಕೆಜಿ, ಅಮ್ಮ. ಕಾಲೇಜಿನಲ್ಲಿ ಇರುವುದು ನಾನು.

ಅಂಗಡಿ ಓನರ್ ಚಪ್ಪಾಳೆ ತಟ್ಟಿದರು. "ಸೂಪರ್ ಮೇಡಂ! ಇದನ್ನೇ ಲೈವ್‌ನಲ್ಲಿ ಹೇಳ್ಬಿಡಿ, ಸೀರೆ ಎಲ್ಲಾ ಖಾಲಿ ಆಗುತ್ತೆ."

ನೀನು ಸೆರಗು ಸರಿಮಾಡಿಕೊಂಡು, ಮೊಬೈಲ್ ನೋಡುತ್ತಾ ಅದೇ ಮಾತು ಹೇಳಿದೆ. ಗಳಗಳನೆ ಅತ್ತೆ. ಆಶ್ರಿತಾಳೂ ಕಣ್ಣೊರೆಸಿಕೊಂಡಳು. "ಏನ್ ಆಕ್ಟಿಂಗ್ ಕಣೇ!" ಅಂದಳು. ನಾನು ಹೌದು ಅಂದುಬಿಟ್ಟೆ.

ಆದರೆ ಮೊದಲ ಸಲ ಹೇಳುವಾಗ ನೀನು ಅತ್ತಿರಲಿಲ್ಲ. ನಾನು ನಂಬಿರುವುದು ಅದನ್ನು.