ಶನಿವಾರದ ಊಟ

ಕಲ್ಲೂರು
12 ಜನವರಿ 2025

ಶ್ವೇತಾ,

ಡಾಕ್ಟರೇಟ್ ಮಾಡಲು ಹೋದವಳಿಗೆ ಅಜ್ಜಿಗೆ ನಾಲ್ಕು ಸಾಲು ಬರೆಯಲು ಕೈ ಬರುವುದಿಲ್ಲವಾ? ಫೋನು ಮಾಡಿದರೆ ‘ಹೂಂ’, ‘ಆಯ್ತಜ್ಜಿ’. ನಮ್ಮ ಎಮ್ಮೆ ಇದಕ್ಕಿಂತ ಹೆಚ್ಚು ಮಾತಾಡುತ್ತದೆ. ಅದಕ್ಕೇ ಈ ಕಾಗದ. ತಡ ನನ್ನದೂ ಆಯಿತು. ಕಾಫಿ ಕೊಯ್ಲು ನಡೀತಿದೆ, ಕೊಯ್ಯಲು ಬರುವ ವೆಳ್ಳಚ್ಚಿಗೆ ಜ್ವರ, ಅಂಗಳದ ತುಂಬ ಹಣ್ಣು ಹರವಿದೆ.

ದೀಪಾವಳಿಗೆ ಬಂದಾಗ ‘ಗೈಡ್ ಟೀಚರಿಗೆ ನನ್ನ ಕಂಡರಾಗದು, ಬಿಟ್ಟು ಬಂದುಬಿಡ್ತೀನಿ’ ಅಂತ ಅತ್ತಿದ್ದೆಯಲ್ಲ, ಆ ಶೋಭ ಟೀಚರೇ ಮೊನ್ನೆ ಮೈಸೂರಿಂದ ಕಲ್ಲಿಕೋಟೆಗೆ ವಾಪಸು ಹೋಗುವಾಗ ಮನೆಗೆ ಬಂದರು.

‘ಅಜ್ಜೀ, ಪ್ರತಿ ಶನಿವಾರ ರಾತ್ರಿ ಎಂಟಕ್ಕೆ ನನ್ನ ವಿದ್ಯಾರ್ಥಿಗಳನ್ನೆಲ್ಲ ಊಟಕ್ಕೆ ಕರೀತೀನಿ. ಉಣ್ಣುತ್ತಲೇ ಅವರವರ ಕೆಲಸದ ಮಾತು. ಇವಳಿಗೆ ಒಂದು ವಾರ ತಲೆನೋವು, ಇನ್ನೊಂದು ವಾರ ಹೊಟ್ಟೆನೋವು, ಆಮೇಲೆ ಹಲ್ಲುನೋವು. ನಾನು ಬೇಡವೇನೋ ಅಂತ ಕರೆಯೋದೇ ಬಿಟ್ಟೆ’ ಅಂದರು.

ನನಗೆ ನಗು ಬಂತು. ‘ನೋವೂ ಇಲ್ಲ ಗೀವೂ ಇಲ್ಲ ಟೀಚರೇ. ನಾವು ಜೈನರು, ಹೊತ್ತು ಮುಳುಗಿದ ಮೇಲೆ ಉಣ್ಣುವುದಿಲ್ಲ.’

ತಲೆ ಮೇಲೆ ಕೈ ಇಟ್ಟುಕೊಂಡರು. ‘ಎರಡು ವರ್ಷ! ಒಂದು ಮಾತು ಹೇಳಬಾರದಿತ್ತಾ ಅವಳು?’

‘ನೀವು ಒಂದು ಮಾತು ಕೇಳಬಾರದಿತ್ತಾ?’ ಅಂದೆ.

ಆಗಿನಿಂದ ನನ್ನ ತಲೆ ಗೊಜ್ಜಾಗಿದೆ. ಅವರು ಮಾತಾಡಿಸುವುದಿಲ್ಲ ಅಂತ ನೀನು ಇಲ್ಲಿ ಅಳುತ್ತೀಯ. ನೀನು ಬಾಯಿ ಬಿಡುವುದಿಲ್ಲ ಅಂತ ಅವರು ಅಲ್ಲಿ ಕೊರಗುತ್ತಾರೆ. ಇಬ್ಬರೂ ಅಷ್ಟು ಓದಿದವರು! ತಪ್ಪು ಯಾರದು ಅಂತ ಮೂರನೇ ಕ್ಲಾಸಿಗೇ ಶಾಲೆ ಬಿಟ್ಟ ನನಗೆ ಹೇಗೆ ತಿಳಿಯಬೇಕು? ನಿನ್ನ ಸಂಶೋಧನೆ ಮುಂದುವರಿಯಲು ತಿಂಗಳ ಕೊನೆಯೊಳಗೆ ಅವರ ರುಜು ಬೇಕಂತೆ. ‘ಅವಳೇ ಬಂದು ಕೇಳಲಿ. ಮಧ್ಯಾಹ್ನದ ಊಟಕ್ಕೇ ಬರಲಿ’ ಅಂದಿದ್ದಾರೆ. ಹೋಗು.

ಅನಂತನಾಥ ಸ್ವಾಮಿ ನಿನಗೆ ಬುದ್ಧಿ ಕೊಡಲಿ, ಅದಕ್ಕೆ ಮೊದಲು ಬಾಯಿ ಕೊಡಲಿ.

ನಿನ್ನ ಅಜ್ಜಿ,
ಕಮಲಾವತಿ

ಮತ್ತೆ ಒಂದು ಮಾತು: ಹೊರಡುವಾಗ ಟೀಚರ್, ‘ಹೀಗೆ ಮುಚ್ಚಿಡೋದನ್ನ ಈ ಹುಡುಗಿಗೆ ಯಾರು ಕಲಿಸಿದರು?’ ಅಂದರು. ನಾನು ಚಕ್ಕುಲಿ ಕಟ್ಟಿಕೊಡುವ ನೆಪದಲ್ಲಿ ಒಳಗೆ ಹೋಗಿಬಿಟ್ಟೆ. ಬತ್ತೇರಿಯಲ್ಲಿ ನಿನ್ನನ್ನು ಕಲ್ಲಿಕೋಟೆ ಬಸ್ಸು ಹತ್ತಿಸುವಾಗ, ‘ನಮ್ಮ ಪದ್ಧತಿಯೆಲ್ಲ ಅಲ್ಲಿ ಹೇಳಬೇಡ, ನಗುತ್ತಾರೆ’ ಅಂದವಳು ನಾನೇ ಅಲ್ಲವಾ? ನಮ್ಮ ಪದ್ಧತಿ ಕೇಳಿ ನನ್ನ ನೋಡಿ ನಕ್ಕದ್ದು ಅರವತ್ತು ವರ್ಷದ ಹಿಂದಿನ ಶಾಲೆ ಮೇಷ್ಟರು, ಈ ಹೆಂಗಸಲ್ಲ. ಅದನ್ನು ಅವರಿಗೆ ಹೇಳಲು ನನಗೆ ಬಾಯಿ ಬರಲಿಲ್ಲ. ನೀನು ಹೇಳು, ಅಜ್ಜಿ ಕಲಿಸಿದ್ದು ಅಂತಲೇ ಹೇಳು. ಹೇಳಿದ ಮೇಲೆ, ಫೆಬ್ರವರಿ ಹುಟ್ಟುವ ಮೊದಲು ನನಗೆ ಬರೆ. ಫೋನು ಬೇಡ.