ಒಲೆಯ ಹಿಂದಿನ ಸಂದು

ಫರೀದಾಬಾದ್
ತಾ. ೧೪-೧೧-೨೦೨೫

ಚಿ. ಸೌ. ವಸಂತಿಗೆ ನಿನ್ನ ಅತ್ತೆ ಮಾಡುವ ಆಶೀರ್ವಾದ. ಕೆಮ್ಮು ಹೇಗಿದೆ? ಈ ಹೊಗೆ ಗಾಳಿಗೆ ನೀನಿರುವ ದಿಲ್ಲಿಯ ಕಿದ್ವಾಯಿ ನಗರವಾದರೇನು, ನಮ್ಮ ಫರೀದಾಬಾದಾದರೇನು, ಮೂಗು ಮುಚ್ಚಿಕೊಂಡೇ ಓಡಾಡು. ಅಕ್ಕನ ಮನೆಗೆ ಹೋದವಳು ಫೋನು ಎತ್ತದೆ ಕೂತರೆ ನಾನು ಕಾಗದ ಬರೆಯಬೇಕಷ್ಟೆ. ಮೂರನೇ ಕ್ಲಾಸಿನ ಅಕ್ಷರ, ಸಹಿಸಿಕೊಂಡು ಓದು.

ಹೊರಡುವಾಗ "ನನ್ನ ಹೊಸ ಟೈಲ್ಸಿನ ಸಂದಿಗೆಲ್ಲ ಅರಿಶಿನ ಕುಡಿಸಿದಿರಿ, ಇನ್ನು ಅಡುಗೆಮನೆ ನೀವೇ ಇಟ್ಟುಕೊಳ್ಳಿ" ಅಂದೆಯಲ್ಲ, ಅದು ನಿನ್ನ ಗಂಡನ ತಲೆಯಲ್ಲಿ ಕೂತುಬಿಟ್ಟಿತು. ಸಂದಿಗೆ ಸೀಲರ್ ಅನ್ನೋ ದ್ರವ ಹಚ್ಚಿದರೆ ಕಲೆ ಒಳಗೆ ಇಳಿಯೋಲ್ಲವಂತೆ. ತರೋಕೆ ಹೋದ. ಗೋಪಿನಾಥನ ಹಿಂದಿ ನಿನಗೆ ಗೊತ್ತೇ ಇದೆ. ಇಷ್ಟು ವರ್ಷ ಆಫೀಸಿನ ಇಂಗ್ಲಿಷಲ್ಲೇ ಕಳೆದ. ನಾನಾದರೂ ತರಕಾರಿ ಭಯ್ಯಾನ ಹತ್ತಿರ ಜಗಳವಾಡಿ ಕಲಿತೆ. ಇವನು ಸೀಲ್ ಮಾಡೋದು ಕೊಡಿ ಅಂದದ್ದು ಅಂಗಡಿಯವನಿಗೆ ಸೀಲನ್ ಅಂತ ಕೇಳಿಸಿದೆ. ಇಲ್ಲಿಯವರು ಗೋಡೆಯ ತೇವಕ್ಕೆ ಸೀಲನ್ ಅಂತಾರಲ್ಲ. ಅಚ್ಛಾ ಅಂದವನೇ ತೇವದ ಗೋಡೆಗೆ ಬಳಿಯೋ ಮಂದ ಬಿಳಿ ಬಣ್ಣದ ಡಬ್ಬಿ ಕೊಟ್ಟ. ಈ ಮಹಾರಾಯ ಡಬ್ಬಿ ಮೇಲಿನದ್ದನ್ನು ಓದದೆ ಸಿಂಕಿನ ಪಕ್ಕ ಬಳಿದೇಬಿಟ್ಟ. ಟೈಲ್ಸೆಲ್ಲ ಮೊಸರನ್ನ ಕಲಸಿ ತೊಳೆಯದೆ ಬಿಟ್ಟ ಪಾತ್ರೆಯ ಹಾಗಾಯಿತು. ಕೆರೆದವಳು ಯಾರು? ನಾನು.

ಆಮೇಲೆ ಜೊತೆಗೆ ನಾನೇ ಹೋದೆ. ಮೇಲೆ ಮಿರಮಿರ ಪೊರೆ ಕಟ್ಟೋದು ಒಂದಂತೆ, ಒಳಗೆ ಹೀರಿಕೊಳ್ಳೋದು ಇನ್ನೊಂದಂತೆ. ನಿನ್ನ ಗಂಡನ ಕಣ್ಣು ಮಿರಮಿರದ ಮೇಲೆ. ಪೊರೆ ಒಲೆಯ ಕಾವಿಗೆ ಎದ್ದರೆ ಮತ್ತೆ ಕೆರೆಯೋಳು ನಾನಲ್ಲವೇ, ಹೀರೋದನ್ನೇ ತರಿಸಿದೆ. ಅರಿಶಿನ ಉಜ್ಜಿ ತೆಗೆದ ಸಂದು ಚೆನ್ನಾಗಿ ಒಣಗಿರಬೇಕು, ಸಣ್ಣ ಬ್ರಷ್ಷಿನಲ್ಲಿ ಎಳೆಯಬೇಕು, ಟೈಲ್ಸಿಗೆ ತಾಗಿದ್ದನ್ನು ಹಸಿಯಿರುವಾಗಲೇ ಒರೆಸಬೇಕು. ಅವನು ಎಳೆದ, ನಾನು ಹಿಂದೆ ಹಿಂದೆ ಒರೆಸಿದೆ, ಬೈದೆ. ಮಾರನೆ ದಿನ ನೀರು ಚಿಮುಕಿಸಿ ನೋಡಿದರೆ ಕೆಸುವಿನೆಲೆ ಮೇಲೆ ನಿಂತ ಹಾಗೆ ಹನಿ ನಿಂತಿತು. ಅದಕ್ಕೆ ಇವನು ಫೋಟೋ ತೆಗೆದುಕೊಂಡ, ತಾಜಮಹಲು ಕಟ್ಟಿದವನ ಹಾಗೆ.

ನಿನ್ನ ಅಕ್ಕ ಕುಸುಮಾಗೂ ನನ್ನ ಆಶೀರ್ವಾದ ಹೇಳು.

ಇಂತಿ, ಸೊಂಟ ಹಿಡಿದುಕೊಂಡು ಕೂತಿರುವ ನಿನ್ನ ಅತ್ತೆ,
ದೇವಕಿ

ಬರೆಯೋದು ಮರೆತೆ: ಒಲೆಯ ಹಿಂದಿನ ಸಂದಿಗೆ ಬ್ರಷ್ ತಾಗಿಸೋಕೆ ನಾನು ಬಿಟ್ಟಿಲ್ಲ. ಎಷ್ಟು ಉಜ್ಜಿದರೂ ನನ್ನ ಅರಿಶಿನ ಅಲ್ಲೇ ಇದೆ. ಅದರ ಮೇಲೆ ಹಚ್ಚಿದರೆ ಕಲೆ ಒಳಗೇ ಉಳಿದುಬಿಡುತ್ತದಂತೆ, ಆಮೇಲೆ ಯಾರು ಉಜ್ಜಿದರೂ ಹೋಗೋಲ್ಲ. ನೀನು ಬಂದು ಉಜ್ಜು. ಬೈಯೋದಿದ್ದರೆ ಬೈದುಕೊಂಡೇ ಉಜ್ಜು, ನಾನು ನೀರು ಹಾಕ್ತೀನಿ. ಡಬ್ಬಿಯ ಮುಚ್ಚಳ ತೆಗೆದಾಗಿದೆ, ಗಟ್ಟಿಯಾಗೋ ಮುಂಚೆ ಬಾ.